ಕುಣಿತದ ಅಂಗಳದಲ್ಲಿ ಹುಟ್ಟಿದ ಸ್ಕಾ

ಜಮೈಕಾ ಸ್ವತಂತ್ರವಾದದ್ದು 1962ರ ಆಗಸ್ಟ್ 6ರಂದು. ಸ್ಕಾ ಸಂಗೀತ ಆ ಸಂಭ್ರಮದ ಕೂಸು ಎಂಬ ಮಾತು ಬಹಳ ಚಾಲ್ತಿಯಲ್ಲಿದೆ. ಕೇಳಲು ಹಿತವಾದ ಈ ಮಾತನ್ನು ಇಸವಿಗಳು ಒಪ್ಪುವುದಿಲ್ಲ. ಥಿಯೋಫಿಲಸ್ ಬೆಕ್‌ಫರ್ಡ್ ಹಾಡಿದ ‘ಈಸಿ ಸ್ನ್ಯಾಪಿನ್’ 1959ರಲ್ಲೇ ಮಾರುಕಟ್ಟೆಗೆ ಬಂದಿತ್ತು. ತಾಳದ ಎರಡು ಪೆಟ್ಟುಗಳ ನಡುವಿನ ಎಡೆಗೆ ಒತ್ತು ಕೊಡುವ ಸ್ಕಾ ನಡಿಗೆ ಅದರಲ್ಲಿ ಆಗಲೇ ಕೇಳಿಸುತ್ತದೆ. ಸ್ಕಾ ಹುಟ್ಟಿದ್ದು ರಾಜಧಾನಿ ಕಿಂಗ್‌ಸ್ಟನ್ನಿನ ಕುಣಿತದ ಅಂಗಳಗಳಲ್ಲಿ, ಸರಕಿನ ಅಭಾವದಿಂದ ಎಂಬುದು ನನ್ನ ವಾದ. 1950ರ ದಶಕದಲ್ಲಿ ಅಲ್ಲಿನ ಬಡವರನ್ನು ಕುಣಿಸಿದ್ದು ‘ಸೌಂಡ್ ಸಿಸ್ಟಂ’: ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳು, ಅಮೆರಿಕದಿಂದ ತರಿಸಿದ ರಿದಮ್ ಅಂಡ್ ಬ್ಲೂಸ್ ರೆಕಾರ್ಡುಗಳು. ಸೌಂಡ್ ಸಿಸ್ಟಂ ಮಾಲೀಕರಾದ ಡ್ಯೂಕ್ ರೀಡ್, ಕಾಕ್ಸನ್ ಡಾಡ್ ಇವರ ಪೈಪೋಟಿ ಎಷ್ಟು ಬಿಗಿಯಾಗಿತ್ತೆಂದರೆ, ಎದುರಾಳಿಗೆ ಹಾಡಿನ ಗುರುತು ಸಿಗದಂತೆ ರೆಕಾರ್ಡಿನ ನಡುವಿನ ಚೀಟಿಯನ್ನೇ ಕೆರೆದುಹಾಕುತ್ತಿದ್ದರು. ವಿಲ್ಲಿಸ್ ಜಾಕ್ಸನ್‌ನ ಸ್ಯಾಕ್ಸೊಫೋನ್ ವಾದನವೊಂದು ‘ಕಾಕ್ಸನ್ ಹಾಪ್’ ಎಂಬ ಹೆಸರಿನಲ್ಲಿ ಮೆರೆದದ್ದು ಹೀಗೆ. ದಶಕ ಮುಗಿಯುವ ಹೊತ್ತಿಗೆ ಅಮೆರಿಕದ ಅಭಿರುಚಿ ರಾಕ್ ಅಂಡ್ ರೋಲ್ ಕಡೆ ಹೊರಳಿತು. ಕಿಂಗ್‌ಸ್ಟನ್ ಬಯಸುವಂಥ ಹಾಡುಗಳು ಸಿಗುವುದು ಕಡಿಮೆಯಾಯಿತು. ಆಗ ಮಾಲೀಕರು ಊರಿನ ವಾದಕರನ್ನೇ ಸ್ಟುಡಿಯೊಗೆ ಕರೆತಂದರು. ಮೊದಮೊದಲ ರೆಕಾರ್ಡ್ ಲೇಬಲ್‌ಗಳಿಗೂ ಅಂಗಡಿಯ ವಾಸನೆ ಇದೆ. ರೀಡ್‌ನ ‘ಟ್ರೆಷರ್ ಐಲ್’ ಅವನ ಮದ್ಯದಂಗಡಿಯ ಹೆಸರು. ಲೆಸ್ಲಿ ಕಾಂಗ್‌ನ ‘ಬೆವರ್ಲೀಸ್’ ಐಸ್‌ಕ್ರೀಂ ಅಂಗಡಿಯದು. ಬಾಬ್ ಮಾರ್ಲಿಯ ಮೊದಲ ರೆಕಾರ್ಡು 1962ರಲ್ಲಿ ಹೊರಬಂದದ್ದು ಕಾಂಗ್‌ನ ಕೈಯಿಂದಲೇ.

ಹಾಗಾದರೆ ಇದು ಅಮೆರಿಕದ ನಕಲು, ವ್ಯಾಪಾರಿಗಳ ಸೃಷ್ಟಿ ಎನ್ನಬಹುದೇ? ನಕಲಾಗಿದ್ದರೆ 1960ರಲ್ಲಿ ನಿರ್ಮಾಪಕ ಪ್ರಿನ್ಸ್ ಬಸ್ಟರ್ ‘ಓ ಕ್ಯಾರೊಲಿನಾ’ ಹಾಡಿಗೆ ಕೌಂಟ್ ಆಸ್ಸಿಯ ರಸ್ತಫಾರಿ ಪಂಥದ ಡೋಲುಗಳನ್ನು ಕೂರಿಸುತ್ತಿರಲಿಲ್ಲ. ಸಭ್ಯ ಸಮಾಜ ದೂರವಿಟ್ಟಿದ್ದ ಆ ಡೋಲಿನ ದನಿ ಅಮೆರಿಕದ ಯಾವ ರೆಕಾರ್ಡಿನಲ್ಲೂ ಇರಲಿಲ್ಲ. ವ್ಯಾಪಾರಿಗಳದ್ದು ಹಣ ಮತ್ತು ಅವಸರ; ಸಂಗೀತ ವಾದಕರದ್ದೇ. 1964ರಲ್ಲಿ ಕೂಡಿಕೊಂಡ ಸ್ಕಾಟಲೈಟ್ಸ್ ತಂಡದ ಡಾನ್ ಡ್ರಮಂಡ್, ಟಾಮಿ ಮೆಕ್‌ಕುಕ್ ಕಲಿತದ್ದು ಕ್ಯಾಥೊಲಿಕ್ ಸಂನ್ಯಾಸಿನಿಯರು ನಡೆಸುತ್ತಿದ್ದ ಆಲ್ಫಾ ಬಾಲಕರ ಶಾಲೆಯಲ್ಲಿ. ಜಾಝ್ ನುಡಿಸಬಲ್ಲ ಆ ಬೆರಳು, ಉಸಿರುಗಳಿಲ್ಲದೆ ಡಾಡ್ 1963ರಲ್ಲಿ ತೆರೆದ ಸ್ಟುಡಿಯೊ ಒನ್ ಬರೀ ನಾಲ್ಕು ಗೋಡೆ. ಆದರೂ ಕೀರ್ತಿ ವಾದಕರಿಗಿಂತ ಮೊದಲು ಲೇಬಲ್‌ಗೇ ಸಂದಿತು, ಇದು ನೋವಿನ ಸಂಗತಿ. ಲಂಡನ್ನಿನಲ್ಲಿ 1960ರಲ್ಲಿ ಎಮಿಲ್ ಶಾಲಿಟ್ ಆರಂಭಿಸಿದ ‘ಬ್ಲೂ ಬೀಟ್’ ಲೇಬಲ್ ಜಮೈಕಾದ ಹಾಡುಗಳನ್ನು ವಲಸಿಗರ ಮನೆಗಳಿಗೆ ಮುಟ್ಟಿಸಿತು. ಅಲ್ಲಿನ ಹುಡುಗರು ಆ ಸಂಗೀತವನ್ನೇ ಬ್ಲೂ ಬೀಟ್ ಎಂದು ಕರೆಯತೊಡಗಿದರು.