ಇಬ್ಬರ ಹರಿಗೋಲು

1952ನೆಯ ಇಸವಿಯ ಜುಲೈ ತಿಂಗಳಲ್ಲಿ ಎರಿಕ್ ಹಿಸ್ಕಾಕ್ ಎಂಬ ಆಂಗ್ಲ ಗೃಹಸ್ಥನೂ ಆತನ ಪತ್ನಿ ಸೂಸನಳೂ 30 ಅಡಿ ಉದ್ದದ ಹಾಯಿದೋಣಿಯೊಂದನ್ನೇರಿ ಸ್ವದೇಶದ ತೀರವನ್ನು ಬಿಟ್ಟು, ಪನಾಮಾ ಕಾಲುವೆಯನ್ನು ದಾಟಿ, ಶಾಂತಸಾಗರದ ದ್ವೀಪಗಳಲ್ಲಿ ತಂಗುತ್ತ, ಹಿಂದೂ ಮಹಾಸಾಗರವನ್ನು ಹಾದು, ಆಫ್ರಿಕದ ದಕ್ಷಿಣಾಗ್ರವನ್ನು ಬಳಸಿ, 1955ರ ಜುಲೈನಲ್ಲಿ ಹೊರಟ ನಾಡಿಗೇ ಕ್ಷೇಮವಾಗಿ ಮರಳಿದರು. ಈ ಬಗೆಯ ಯಾನಕ್ಕೆ ಉಷ್ಣವಲಯವೇ ರಾಜಮಾರ್ಗ. ಏಕೆಂದರೆ ಭೂಮಧ್ಯರೇಖೆಯ ಇಕ್ಕೆಲಗಳಲ್ಲಿ ಪೂರ್ವ ದಿಕ್ಕಿನಿಂದ ಎಡೆಬಿಡದೆ ಬೀಸುವ ವಾಣಿಜ್ಯ ಮಾರುತಗಳನ್ನು ಬೆನ್ನಿಗಿಟ್ಟುಕೊಂಡು, ಚಂಡಮಾರುತದ ಮಾಸಗಳನ್ನು ಯಾವುದಾದರೊಂದು ಬಂದರಿನಲ್ಲಿ ಕಳೆದು, ಪಶ್ಚಿಮಾಭಿಮುಖವಾಗಿ ಸಾಗುತ್ತಿದ್ದರೆ ಸಣ್ಣ ದೋಣಿಯೂ ಪೃಥ್ವಿಯನ್ನು ಸುತ್ತಬಲ್ಲುದು. ಕಷ್ಟವಿರುವುದು ಗಾಳಿಯಲ್ಲಲ್ಲ, ನಿದ್ರೆಯಲ್ಲಿ. ದೋಣಿಯಲ್ಲಿರುವವರು ಇಬ್ಬರೇ ಆದುದರಿಂದ ಒಬ್ಬರು ಮಲಗಿದಾಗ ಇನ್ನೊಬ್ಬರು ಎಚ್ಚರವಿರಲೇಬೇಕು. ಸಾವಿರಾರು ಮೈಲಿ ಜೊತೆಯಾಗಿ ಪಯಣಿಸುವ ಗಂಡಹೆಂಡಿರು ರಾತ್ರಿಗಳಲ್ಲಿ ಪರಸ್ಪರ ಮುಖ ಕಾಣುವುದು ಪಹರೆ ಬದಲಾಗುವ ಹೊತ್ತಿಗೆ ಮಾತ್ರವೆಂಬುದು ಈ ಪ್ರವಾಸದ ವಿನೋದ.

ನಮ್ಮ ಕರಾವಳಿಗೂ ದ್ವೀಪಗಳ ನಂಟು ಹೊಸತಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್ ಮೊದಲಾದ ಅಮೀನ್‌ದೀವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದುವು. ಅಲ್ಲಿನ ಹಾಯಿದೋಣಿಗಳು ತೆಂಗಿನ ನಾರನ್ನೂ ಕೊಬ್ಬರಿಯನ್ನೂ ತುಂಬಿಕೊಂಡು ಮಂಗಳೂರಿನ ಬಂದರಕ್ಕೆ ಬಂದು, ಅಕ್ಕಿಯನ್ನು ಹೊತ್ತು, ಮುಂಗಾರು ಕಡಲನ್ನು ಕೆಡಿಸುವ ಮುನ್ನ ಹಿಂದಿರುಗುತ್ತಿದ್ದುವು. ಆದರೆ ಕಡಲಿನ ದೋಣಿ ಗಂಡಸರ ದೋಣಿ. ಮೀನು ಹಿಡಿಯುವ ಮೊಗವೀರರ ಮನೆಯ ಹೆಂಗಸು ದಡಕ್ಕೆ ಬಂದ ಮೀನನ್ನು ಬುಟ್ಟಿಗಿಟ್ಟುಕೊಂಡು ಊರೂರು ತಿರುಗಿ ಮಾರುವಳೇ ಹೊರತು ಹುಟ್ಟು ಹಿಡಿದು ಅಳಿವೆಯನ್ನು ದಾಟಿ ಹೋದವಳಲ್ಲ. ಗಂಡಹೆಂಡಿರಿಬ್ಬರದೇ ಆದ ದೋಣಿಯನ್ನು ಕನ್ನಡನಾಡಿನಲ್ಲಿ ನೋಡಬೇಕೆಂಬ ಅಪೇಕ್ಷೆಯಿದ್ದವರು ಕಡಲಿಗೆ ಬೆನ್ನು ತಿರುಗಿಸಿ, ಘಟ್ಟವನ್ನು ಹತ್ತಿ, ಸಮುದ್ರದ ಸುಳಿವೇ ಇಲ್ಲದ ಬಯಲುಸೀಮೆಗೆ ಬರಬೇಕು.

ಆ ಬಯಲುಸೀಮೆಯ ಕೂಡ್ಲಿಗಿ, ಕೊಟ್ಟೂರುಗಳ ಜನ ಮಳೆಯನ್ನೂ ಕೆರೆಯನ್ನೂ ನೆಚ್ಚಿ ಬದುಕುವವರು. ದೋಣಿಯೆಂಬುದು ಅವರಿಗೆ ಬಲುಮಟ್ಟಿಗೆ ಹಾಡಿನಲ್ಲಿ ಬರುವ ವಸ್ತು. ಆದರೆ ಹರಪನಹಳ್ಳಿ ಸೀಮೆಯ ಹಲುವಾಗಲು, ಗರ್ಭಗುಡಿಗಳ ಅಂಚನ್ನು ಮುಟ್ಟಿ, ಹಡಗಲಿಯ ಕುರುವತ್ತಿ, ಮೈಲಾರಗಳನ್ನು ಸವರಿಕೊಂಡು ಹರಿಯುವ ತುಂಗಭದ್ರೆಯು ಮುಂದೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಕಡೆಯಲ್ಲಿ ಹಿನ್ನೀರಾಗಿ ಹರಡಿಕೊಳ್ಳುತ್ತಾಳೆ. 1945ರಲ್ಲಿ ಆರಂಭವಾಗಿ 1953ರಲ್ಲಿ ನೀರು ನಿಂತ ತುಂಗಭದ್ರಾ ಅಣೆಕಟ್ಟಿನ ಈ ಜಲಾಶಯವು ಪೂರ್ಣ ತುಂಬಿದಾಗ ಸುಮಾರು 378 ಚದರ ಕಿಲೋಮೀಟರ್ ವ್ಯಾಪಿಸುವುದು. ಆಷಾಢದ ಪಡುವಣ ಗಾಳಿಯಲ್ಲಿ ಅಲ್ಲಿ ಏಳುವ ಅಲೆಗಳನ್ನು ಕಂಡವರು ಅದನ್ನು ಕೆರೆಯೆನ್ನಲು ಹಿಂಜರಿಯುವರು.

ಈ ನೀರಿನ ಮೇಲೆ ಸಾಗುವ ಹರಿಗೋಲಿಗೆ ತೆಪ್ಪವೆಂದೂ ಪುಟ್ಟಿಯೆಂದೂ ಹೇಳುವುದುಂಟು. 1520ರ ಸುಮಾರಿಗೆ ವಿಜಯನಗರವನ್ನು ಸಂದರ್ಶಿಸಿದ ಪೋರ್ಚುಗೀಸ್ ಪ್ರವಾಸಿ ಪಾಯೆಸನು, ಬುಟ್ಟಿಯಂತೆ ದುಂಡಗಿದ್ದು ಒಳಗೆ ಬೆತ್ತವೂ ಹೊರಗೆ ಚರ್ಮವೂ ಇರುವ, 15-20 ಜನರನ್ನು ಹೊರಬಲ್ಲ, ನೇರವಾಗಿ ಸಾಗಲಾರದೆ ಗಿರಗಿರನೆ ತಿರುಗುತ್ತಲೇ ಇರುವ ಈ ವಾಹನವನ್ನು ಕಂಡು ಬೆರಗಾಗಿ ಬರೆದಿಟ್ಟನು. ಚರ್ಮದ ಸ್ಥಾನದಲ್ಲಿ ಇಂದು ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಬಂದಿವೆ. ಬಿದಿರಿನ ಸೀಳುಗಳನ್ನು ಹೆಣೆಯದೆ ಫೈಬರಿನಲ್ಲಿ ಎರಕಹೊಯ್ದವೂ ಇವೆ. ತಿರುಗುವ ಸ್ವಭಾವ ಮಾತ್ರ ಹಾಗೆಯೇ ಉಳಿದಿದೆ. ತಳದಲ್ಲಿ ಏಣಿಲ್ಲದ, ಮುಂದು ಹಿಂದೆಂಬ ಭೇದವಿಲ್ಲದ ಈ ವಾಹನಕ್ಕೆ ಹಾಯಿ ಕಟ್ಟಿ ಪ್ರಯೋಜನವಿಲ್ಲ. ಆದುದರಿಂದ ಹುಟ್ಟು ಹಾಕುವವರು, ಹೋಗಬೇಕಾದ ದಿಕ್ಕಿನ ಅಂಚಿನಲ್ಲಿಯೇ ಕುಳಿತು ನೀರನ್ನು ತಮ್ಮತ್ತ ಎಳೆದುಕೊಳ್ಳುತ್ತ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೈ ಹೊರಳಿಸುತ್ತ, ಅದರ ತಿರುಗುವಿಕೆಯನ್ನು ತಡೆಯಬೇಕಾಗುವುದು.

ಮೀನುಗಾರರ ಹರಿಗೋಲಿನಲ್ಲಿ ಈ ಕಾರ್ಯ ಎಷ್ಟೋ ಸಲ ಹೆಂಡತಿಯದು. ಸಂಜೆ ಬಿಸಿಲು ತಗ್ಗಿದ ಮೇಲೆ ಗಂಡನು ಮಂಡಿಯೂರಿ ಕುಳಿತು ಬಲೆಯನ್ನು ಮಡಿಕೆ ಮಡಿಕೆಯಾಗಿ ನೀರಿಗಿಳಿಸುವಾಗ, ಅವನ ಕೈಯ ವೇಗಕ್ಕೆ ಸರಿಯಾಗಿ ಹರಿಗೋಲು ಹಿಂದೆ ಸರಿಯುತ್ತಿರಬೇಕು. ಹೆಚ್ಚು ಸರಿದರೆ ಬಲೆ ಬಿಗಿದು ಬೆಂಡುಗಳು ಮುಳುಗುವುವು. ಕಡಿಮೆಯಾದರೆ ಅದು ತೊಡಕಿಕೊಂಡು ಕಂತೆಯಾಗುವುದು. 'ಒಂಚೂರು ಇತ್ತಾಗ ತಿರುಗ್ಸು' ಎಂದು ಅವನು ಒಮ್ಮೆ ಹೇಳಿದರೆ, 'ತಡೀರಿ, ಗಾಳಿ ಬಂತು' ಎಂದು ಅವಳು ಉತ್ತರಿಸುವಳು. ಆ ಮೇಲೆ ಬಹಳ ಹೊತ್ತು ಮಾತೇ ಇರುವುದಿಲ್ಲ. ಬೆಳಗಿನ ಜಾವ ಮತ್ತೆ ಇಬ್ಬರೂ ಹೋಗಿ ಬಲೆಯೆತ್ತಿ, ಕಟ್ಲಾ, ರೋಹು, ಜಿಲೇಬಿ ಮೀನುಗಳನ್ನು ಕಣ್ಣಿಗಳಿಂದ ಒಂದೊಂದಾಗಿ ಬಿಡಿಸುವರು. ಬಳಿಕ ಗಂಡನು ಬಲೆಯ ಹರುಕು ಹೊಲಿಯುತ್ತ ದಡದಲ್ಲಿ ಕುಳಿತರೆ, ಹೆಂಡತಿಗೆ ಮೀನಿನ ಚೌಕಾಸಿ ಕಾದಿರುವುದು. ಹಿಸ್ಕಾಕನಾದರೋ ತನ್ನ ಯಾನವನ್ನು ಗ್ರಂಥವಾಗಿ ಬರೆದು ಕೀರ್ತಿಶಾಲಿಯಾದನು. ನಿತ್ಯವೂ ಗಾಳಿಯ ಗುಣವನ್ನು ಓದಿ ನಡೆಯುವ ನಮ್ಮ ಈ ನಾವಿಕಳನ್ನು ಕೂಲಿಯವಳೆಂದಲ್ಲದೆ ನಾವಿಕಳೆಂದು ಕರೆದವರು ನನಗೆ ತಿಳಿದಂತೆ ಇಲ್ಲ.

ಬೇಸಿಗೆಯಲ್ಲಿ ಹಿನ್ನೀರು ಹಿಂದೆ ಸರಿದಾಗ ಈ ಜೀವನಕ್ಕೊಂದು ಪ್ರತಿಸ್ಪರ್ಧಿ ಬರುವುದು. ಅಲಿವಿಯೆಂಬ ಭಾರೀ ಎಳೆಬಲೆಯನ್ನು ಹತ್ತಾರು ಆಳುಗಳು ವಿಶಾಲವಾಗಿ ಸುತ್ತಿ ದಡಕ್ಕೆಳೆಯುವಾಗ, ಅದರ ಸಣ್ಣ ಕಣ್ಣಿಗಳಿಂದ ಮರಿಗಳೂ ತಪ್ಪಿಸಿಕೊಳ್ಳಲಾರವು. ಬೆಳೆದು ತೂಕ ಕೊಡಬೇಕಾದ ಮೀನು ಒಣಗಿಸಿ ಮಾರುವ ಚೂರುಮೀನಾಗಿ ಹೋಗುವುದು. ಇಬ್ಬರ ಹರಿಗೋಲಿನಿಂದ ಬಿಡುವ ದೊಡ್ಡ ಕಣ್ಣಿನ ಬಲೆಯಾದರೋ ಮರಿಯನ್ನು ನುಸುಳಗೊಟ್ಟು ಬಲಿತದ್ದನ್ನು ಮಾತ್ರ ಹಿಡಿಯುವುದು. ಬಂಡವಾಳವುಳ್ಳವನಿಗೆ ಮೊದಲನೆಯದು ಲಾಭಕರ, ಜಲಾಶಯಕ್ಕೆ ಎರಡನೆಯದು. ಹೂಳು ತುಂಬಿ ಸಾಮರ್ಥ್ಯವು 133 ಟಿಎಂಸಿಯಿಂದ ಸುಮಾರು 105 ಟಿಎಂಸಿಗೆ ಇಳಿದಿರುವ ಈ ನೀರಿನಲ್ಲಿ ಯಾವ ಬಲೆಗೆ ಅವಕಾಶವಿರಬೇಕೆಂಬ ಪ್ರಶ್ನೆಯನ್ನು ಅಧಿಕಾರಿಗಳು ನಿರ್ಣಯಿಸುವಾಗ, ಹುಟ್ಟು ಹಿಡಿದವಳನ್ನೂ ಒಂದು ಮಾತು ಕೇಳುವುದು ಯುಕ್ತ.