ಬೇಸಿಗೆಯಲ್ಲಿ ಮನೇಲಿ ಪಾರ್ಟಿನಾ? ಅನ್ನ ಎಷ್ಟು ಹೊತ್ತಿಗೆ ಮಾಡ್ತೀರಿ, ಮೊದಲು ಅದನ್ನ ಹೇಳಿ!

ಮೆಟ್ರೊದಲ್ಲಿ ನಿಂತು ಕೇಳ್ತಾ ಇರೋರಿಗೆ, ಮನೇಲಿ ಫ್ಯಾನ್ ಕೆಳಗೆ ಮಲಗಿ ಕೇಳ್ತಾ ಇರೋರಿಗೆ, ಎಲ್ಲರಿಗೂ ಸ್ವಾಗತ.

ಇವತ್ತಿನ ವಿಷಯ ಬೇಸಿಗೆಯಲ್ಲಿ ಮನೇಲೇ ಮಾಡೋ ಪಾರ್ಟಿ. ಯುಗಾದಿ ಆದ ಮೇಲೆ ರಾಮನವಮಿ, ಪರೀಕ್ಷೆ ಮುಗಿಸಿದ ಮಕ್ಕಳು, ರಜಕ್ಕೆ ಬರೋ ನೆಂಟರು, ಮಾವಿನಹಣ್ಣು. ಜನ ಸೇರೋಕೆ ಒಳ್ಳೆ ಕಾಲ. ಆದ್ರೆ ಮಾಡಿಟ್ಟ ಅಡುಗೆ ಬೇಗ ಕೆಡೋದೂ ಇದೇ ಕಾಲದಲ್ಲಿ. ಇದು ನನಗೆ ಅರ್ಥ ಆಗಿದ್ದು ಹೋದ ವರ್ಷ, ನಮ್ಮ ಮನೆಯ ಪಾರ್ಟಿಯಲ್ಲೇ.

ಬೆಂಗಳೂರಲ್ಲಿ ನಮ್ಮದು ಬಾಡಿಗೆ ಮನೆ, ಮೇಲಿನ ಮಹಡಿ. ಏಪ್ರಿಲ್‌ನ ಒಂದು ಭಾನುವಾರ ಇಪ್ಪತ್ತು ಜನರನ್ನ ಊಟಕ್ಕೆ ಕರೆದಿದ್ದೆ. ಎಲ್ಲ ನಾನೇ ಮಾಡ್ತೀನಿ ಅನ್ನೋ ಹುಮ್ಮಸ್ಸು. ಬೆಳಗ್ಗೆ 7 ಗಂಟೆಗೇ ಅನ್ನ ಮಾಡಿ, ದೊಡ್ಡ ಪಾತ್ರೆಯಲ್ಲಿ ಮೊಸರನ್ನ ಕಲಸಿ, ತಟ್ಟೆ ಮುಚ್ಚಿಟ್ಟೆ. ಹುಳಿ ಬರಬಾರದು ಅಂತ ಹಾಲು ಜಾಸ್ತಿ, ಮೊಸರು ಒಂದೇ ಸೌಟು. ನೆಂಟರು ಬಂದಿದ್ದು ಮಧ್ಯಾಹ್ನ ಒಂದೂವರೆಗೆ. ಎಲ್ಲರೂ ಎರಡೆರಡು ಸಲ ಹಾಕಿಸ್ಕೊಂಡು ತಿಂದ್ರು.

ಸಂಜೆ 5 ಗಂಟೆ ಹೊತ್ತಿಗೆ ಒಬ್ಬೊಬ್ಬರಿಗೇ ವಾಂತಿ ಶುರುವಾಯ್ತು. ಒಟ್ಟು ಆರು ಜನ. ಅಕ್ಕನ ಮಗ ಪುಟ್ಟನಿಗೆ ಆಗ ನಾಲ್ಕು ವರ್ಷ. ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ರಾತ್ರಿ ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಿಸಬೇಕಾಯ್ತು. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, ‘ಮಧ್ಯಾಹ್ನ ಏನು ತಿಂದ್ರಿ? ಅನ್ನ ಮಾಡಿದ್ದು ಎಷ್ಟು ಹೊತ್ತಿಗೆ?’ ನಾನು 7 ಗಂಟೆಗೆ ಅಂದೆ. ಅವರು ತಲೆ ಅಲ್ಲಾಡಿಸಿದ್ರು, ಅಷ್ಟೆ.

ಬೇಯಿಸಿದ ಅನ್ನ ತಾನೆ, ಅದರಲ್ಲೇನಾಗುತ್ತೆ ಅಂತ ನಾನೂ ಅಂದ್ಕೊಂಡಿದ್ದೆ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ಅವು ಕುದಿಯೋ ನೀರಲ್ಲೂ ಸಾಯೋದಿಲ್ಲ. ಅನ್ನ ನಿಧಾನವಾಗಿ ತಣ್ಣಗಾಗುವಾಗ ಮೊಳೆತು ಬೆಳೆಯುತ್ತವೆ, ವಾಂತಿ ತರಿಸುವ ವಿಷ ಉತ್ಪಾದಿಸುತ್ತವೆ. ಆಮೇಲೆ ಎಷ್ಟೇ ಬಿಸಿ ಮಾಡಿದ್ರೂ ಆ ವಿಷ ಹೋಗೋದಿಲ್ಲ. ತಿಂದ 1ರಿಂದ 6 ಗಂಟೆಯೊಳಗೆ ವಾಂತಿ ಶುರುವಾಗುತ್ತದೆ.

5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಬಿಸಿಯಲ್ಲಿ ಆಹಾರ ಕೆಡಿಸೋ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ಹದವಾದ ಶಾಖ ಸಿಕ್ಕರೆ ಸುಮಾರು 20 ನಿಮಿಷಕ್ಕೊಮ್ಮೆ ದುಪ್ಪಟ್ಟಾಗಬಲ್ಲವು. ಲೆಕ್ಕ ಹಾಕಿ ನೋಡಿ. ಒಂದು ಇದ್ದದ್ದು 3 ಗಂಟೆಯಲ್ಲಿ 512. ಇದೇ ವೇಗದಲ್ಲಿ ಹೋದರೆ 6 ಗಂಟೆಯಲ್ಲಿ ಎರಡೂವರೆ ಲಕ್ಷ ದಾಟುತ್ತೆ.

ನನ್ನ ಇನ್ನೊಂದು ತಪ್ಪು ಮೊಸರು ಕಡಿಮೆ ಮಾಡಿದ್ದು. ಮೊಸರಿನ ಹುಳಿ ಇಂಥ ಬ್ಯಾಕ್ಟೀರಿಯಾಗಳನ್ನ ಒಂದಿಷ್ಟು ತಡೆಯುತ್ತೆ. ನಾನು ಆ ಕಾವಲನ್ನೇ ತೆಗೆದು ಹಾಲು ಸುರಿದಿದ್ದೆ. ಬಡಿಸುವಾಗ ರುಚಿ ನೋಡಿದ್ದೆ, ಹುಳಿ ಇರಲಿಲ್ಲ, ವಾಸನೆಯೂ ಇರಲಿಲ್ಲ. ಆದ್ರೆ ಆ ವಿಷಕ್ಕೆ ರುಚಿನೂ ಇಲ್ಲ, ವಾಸನೆನೂ ಇಲ್ಲ. ‘ಬಿಸಿ ಅನ್ನ ಮುಚ್ಚಿಡಬೇಡ್ವೋ, ಬೆವರುತ್ತೆ, ಹಳಸುತ್ತೆ’ ಅಂತ ನಮ್ಮಜ್ಜಿ ಹೇಳ್ತಿದ್ದುದು ನೆನಪಾಗಿದ್ದು ಆಸ್ಪತ್ರೆಯ ಬೆಂಚಿನ ಮೇಲೆ.

ಹಾಗಾದ್ರೆ ಏನು ಮಾಡೋದು? ನಿಯಮ ಸುಲಭ. ಮಾಡಿದ ಅಡುಗೆ ಹೊರಗೆ ಇರಬಹುದಾದ್ದು 2 ಗಂಟೆ. ಬಿಸಿಲು 32 ಡಿಗ್ರಿ ದಾಟಿದ್ರೆ ಒಂದೇ ಗಂಟೆ. ಅಷ್ಟರಲ್ಲಿ ತಿನ್ನಿ, ಇಲ್ಲವೇ ಫ್ರಿಜ್‌ಗೆ ಸೇರಿಸಿ. ಚಿತ್ರಾನ್ನಕ್ಕೋ ಮೊಸರನ್ನಕ್ಕೋ ಅನ್ನ ಆರಬೇಕಾದ್ರೆ ಅಗಲ ತಟ್ಟೆಗಳಲ್ಲಿ ತೆಳ್ಳಗೆ ಹರಡಿ. ದೊಡ್ಡ ಪಾತ್ರೆಯಲ್ಲಿ ಮುಚ್ಚಿಟ್ಟ ಅನ್ನದ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತೆ. ನೆಂಟರು ಬರೋ ಒಂದು ಗಂಟೆ ಮುಂಚೆ ಅನ್ನ ಇಟ್ಟರೆ ಸಾಕು.

ಇನ್ನೂ ಸುಲಭದ ದಾರಿ ಅಂದ್ರೆ ರಾಮನವಮಿಯ ಮೆನು. ಪಾನಕ, ಕೋಸಂಬರಿ, ನೀರು ಮಜ್ಜಿಗೆ. ಒಗ್ಗರಣೆ ಬಿಟ್ರೆ ಒಲೆಯ ಕೆಲಸವೇ ಇಲ್ಲ, ಬೆವರಿ ಬಂದವರಿಗೆ ನೀರು, ಉಪ್ಪು, ಸಿಹಿ ಎಲ್ಲ ಸಿಗುತ್ತೆ. ಇಪ್ಪತ್ತು ಜನಕ್ಕೆ 5 ಲೀಟರ್ ಪಾನಕ ಸಾಕು. ಅರ್ಧ ಕೆ.ಜಿ. ಬೆಲ್ಲ, ಐದಾರು ನಿಂಬೆಹಣ್ಣು, ಶುಂಠಿ, ಏಲಕ್ಕಿ, ಚಿಟಿಕೆ ಮೆಣಸಿನಪುಡಿ. ಕರಿಮೆಣಸು ಮತ್ತೆ, ಖಾರದಪುಡಿ ಅಲ್ಲ! ನೀರು ಮಾತ್ರ ಕುದಿಸಿ ಆರಿಸಿದ್ದು ಇಲ್ಲವೇ ಫಿಲ್ಟರ್‌ದು. ಕೋಸಂಬರಿಗೆ ಅರ್ಧ ಕೆ.ಜಿ. ಹೆಸರುಬೇಳೆ. ರಾತ್ರಿಯೇ ನೆನೆಸಬೇಡಿ, ಸೆಕೆಗೆ ಹುಳಿ ಬರುತ್ತೆ. ಒಂದು ಗಂಟೆ ನೆನೆದರೆ ಸಾಕು. ಉಪ್ಪು, ನಿಂಬೆರಸ ಬಡಿಸೋ ಹೊತ್ತಿಗೆ ಹಾಕಿ, ಇಲ್ಲಾಂದ್ರೆ ಸೌತೆಕಾಯಿ ನೀರು ಬಿಡುತ್ತೆ.

ಈಗ ಐಸ್. ಅಂಗಡಿಯಿಂದ ತರೋ ಐಸ್ ಗಡ್ಡೆಯನ್ನ ಲೋಟಕ್ಕೆ ಹಾಕಬೇಡಿ. ತಿನ್ನೋಕೆ ಯೋಗ್ಯವಲ್ಲದ ಐಸ್‌ಗೆ ನೀಲಿ ಬಣ್ಣ ಹಾಕಬೇಕು ಅಂತ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲೇ ಹೇಳಿದೆ. ಹಾಗಂತ ಬೆಳ್ಳಗಿರೋದೆಲ್ಲ ಒಳ್ಳೇದು ಅಂತ ನಂಬೋಕಾಗಲ್ಲ. ಅದನ್ನ ಟಬ್‌ಗೆ ಹಾಕಿ, ನೀರು ತುಂಬಿಸಿ, ಒಂದು ಹಿಡಿ ಉಪ್ಪು ಹಾಕಿ, ಅದರಲ್ಲಿ ಮುಚ್ಚಳ ಬಿಗಿಯಾಗಿರೋ ಬಾಟಲಿಗಳನ್ನ ಇಡಿ. ಬರೀ ಐಸ್‌ನಲ್ಲಿ ಇಟ್ಟಿದ್ದಕ್ಕಿಂತ ಬೇಗ ತಣ್ಣಗಾಗುತ್ತೆ, ಯಾಕಂದ್ರೆ ನೀರು ಬಾಟಲಿಯ ಸುತ್ತ ಎಲ್ಲ ಕಡೆ ತಾಗುತ್ತೆ. ಲೋಟಕ್ಕೆ ಹಾಕೋ ಐಸ್ ಮನೆಯ ಫ್ರೀಜರ್‌ದೇ ಇರಲಿ.

ಸಮಯ ಮಧ್ಯಾಹ್ನ ಬೇಡ, ಸಂಜೆ 6ರ ಮೇಲೆ ಇಟ್ಕೊಳ್ಳಿ. ಮೇಲಿನ ಮಹಡಿಯವರಿಗೆ ಒಂದು ಮಾತು. ದಿನವಿಡೀ ಕಾದ ಕಾಂಕ್ರೀಟ್ ಚಾವಣಿ ಸಂಜೆ ಆ ಶಾಖವನ್ನ ಕೆಳಗಿನ ಕೋಣೆಗೆ ಬಿಡುತ್ತೆ. ಆಗ ಒಳಗಿಗಿಂತ ಟೆರೇಸ್ ಮೇಲೇ ಹಾಯಾಗಿರುತ್ತೆ. ಮುಂಚೆ ಒಂದಿಷ್ಟು ನೀರು ಚಿಮುಕಿಸಿ, ಆದ್ರೆ ಕುಡಿಯೋ ನೀರು ಬೇಡ. ಆರ್‌ಒ ಫಿಲ್ಟರ್ ಹೊರಗೆ ಬಿಡೋ ನೀರು ಬಕೆಟ್‌ನಲ್ಲಿ ಹಿಡಿದಿಟ್ರೆ ಸಾಕು.

ಇಷ್ಟೆಲ್ಲ ಮಾಡಿಯೂ ಯಾರಿಗಾದ್ರೂ ವಾಂತಿ-ಭೇದಿ ಆದ್ರೆ ಒಆರ್‌ಎಸ್ ಕೊಡಿ. ಪ್ಯಾಕೆಟ್ ಇಲ್ಲದಿದ್ರೆ 1 ಲೀಟರ್ ಶುದ್ಧ ನೀರಿಗೆ 6 ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಒಂದೇ ಸಲಕ್ಕೆ ಕುಡಿಸಬೇಡಿ, ಗುಟುಕು ಗುಟುಕಾಗಿ ಕೊಡಿ. ಮಗು ಮಂಕಾದ್ರೆ, ಮೂತ್ರ ಕಡಿಮೆಯಾದ್ರೆ, ಕುಡಿದಿದ್ದೆಲ್ಲ ವಾಂತಿಯಾದ್ರೆ ಕಾಯದೆ ಆಸ್ಪತ್ರೆಗೆ ಹೋಗಿ. ಗಾಡಿ ಇಲ್ಲಾಂದ್ರೆ 108ಕ್ಕೆ ಕರೆ ಮಾಡಿ.

ಈ ಭಾನುವಾರ ನಮ್ಮ ಮನೇಲಿ ಮತ್ತೆ ಎಲ್ಲರೂ ಸೇರ್ತಿದ್ದೀವಿ. ಅಕ್ಕನಿಗೆ ಫೋನ್ ಮಾಡಿದ್ದೆ. ‘ಬರ್ತೀವಿ ಕಣೋ, ಆದ್ರೆ ಪುಟ್ಟಂಗೆ ಮನೇಲೇ ಊಟ ಮಾಡಿಸ್ಕೊಂಡು ಬರ್ತೀನಿ’ ಅಂದ್ಳು. ನನಗೆ ಬೇಜಾರಾಗಲಿಲ್ಲ ಅಂದ್ರೆ ಸುಳ್ಳು. ಆದ್ರೆ ಅವಳು ಹೇಳಿದ್ದು ಸರಿ. ‘ಆಯ್ತಕ್ಕ, ಪಾನಕ ಮಾತ್ರ ನೀನು ಬಂದ ಮೇಲೆ ನಿನ್ನ ಎದುರಿಗೇ ಮಾಡ್ತೀನಿ’ ಅಂದೆ. ಪುಟ್ಟ ಒಂದು ಲೋಟ ಕುಡಿದ್ರೆ ನನಗೆ ಅಷ್ಟು ಸಾಕು.

ನಿಮ್ಮ ಮನೆಗೆ ಯಾರಾದ್ರೂ ಬರೋರಿದ್ರೆ, ಅಡುಗೆ ಮಾಡೋರಿಗೂ ಇದನ್ನ ಕೇಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಮಸ್ಕಾರ.