ಮೆಂತ್ಯದ ಮಡಿಗೇ ಬೆಕ್ಕು ಯಾಕೆ ಬರುತ್ತದೆ?

ಫೆಬ್ರವರಿ ಮುಗಿಯುತ್ತಿದ್ದಂತೆ ಟೆಕ್ಸಸ್‌ನ ಕನ್ನಡ ಮನೆಗಳಲ್ಲಿ ಬೀಜದ ಪೊಟ್ಟಣಗಳು ಹೊರಬರುತ್ತವೆ. ಹ್ಯೂಸ್ಟನ್‌ನವರು ಮೊದಲು ಶುರುಮಾಡುತ್ತಾರೆ, ಆಮೇಲೆ ಆಸ್ಟಿನ್. ಡಲ್ಲಾಸ್‌ನವರು ಕೊನೆಯ ಫ್ರಾಸ್ಟ್ ಕಳೆಯಲಿ ಎಂದು ಮಾರ್ಚ್ ನಡುವಿನವರೆಗೆ ಕಾಯುತ್ತಾರೆ. ನೀವೂ ಶನಿವಾರವೆಲ್ಲ ಬೆನ್ನು ಬಗ್ಗಿಸಿ ಮಡಿ ಹದಮಾಡಿ, ಮೆಂತ್ಯ, ದಂಟು, ಕೊತ್ತಂಬರಿ ಚೆಲ್ಲಿ ನೀರು ಚಿಮುಕಿಸಿರುತ್ತೀರಿ. ಭಾನುವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಹೋಗಿ ನೋಡಿದರೆ ಮಡಿಯ ನಡುವೆ ಒಂದು ಗುಂಡಿ, ಅದರ ಮೇಲೆ ಒಪ್ಪವಾಗಿ ಎಳೆದ ಮಣ್ಣು. ಕೆದಕಿ ನೋಡಬೇಕಾಗಿಯೇ ಇಲ್ಲ, ವಾಸನೆಯೇ ಹೇಳುತ್ತದೆ.

ಬೆಕ್ಕಿಗೆ ನಿಮ್ಮ ಮೇಲೆ ಹಗೆಯೇನಿಲ್ಲ. ಅದಕ್ಕೆ ಬೇಕಾದದ್ದು ಕೆದಕಲು ಬರುವ ಸಡಿಲ ಮಣ್ಣು. ಡಲ್ಲಾಸ್‌ನಿಂದ ಆಸ್ಟಿನ್ ದಾಟಿ ಹೋಗುವ ಪಟ್ಟಿಯಲ್ಲಿರುವುದು ನಮ್ಮ ಧಾರವಾಡ, ವಿಜಯಪುರದ ಎರೆಮಣ್ಣಿನಂಥದೇ ಕಪ್ಪು ಜೇಡಿ. ಮಣ್ಣಿನ ವಿಜ್ಞಾನಿಗಳು ಎರಡನ್ನೂ ವರ್ಟಿಸಾಲ್ ಎಂಬ ಒಂದೇ ವರ್ಗಕ್ಕೆ ಸೇರಿಸುತ್ತಾರೆ. ಮಳೆಗೆ ಅಂಟು, ಬಿಸಿಲಿಗೆ ಬಿರುಕು. ಹ್ಯೂಸ್ಟನ್‌ನ ಜೇಡಿಯೂ ಇದಕ್ಕಿಂತ ಮೆತ್ತಗಿಲ್ಲ, ಆಸ್ಟಿನ್‌ನ ಪಶ್ಚಿಮಕ್ಕೆ ಹೋದರೆ ಗುದ್ದಲಿಗೆ ಸುಣ್ಣದಕಲ್ಲೇ ತಗಲುತ್ತದೆ. ಅದಕ್ಕೇ ನಾವೆಲ್ಲ ಹಲಗೆಯ ಚೌಕಟ್ಟು ಕಟ್ಟಿ, ಅಂಗಡಿಯಿಂದ ಮೆತ್ತನೆಯ ಮಣ್ಣಿನ ಮೂಟೆ ತಂದು ಸುರಿಯುತ್ತೇವೆ. ಸುತ್ತೆಲ್ಲ ಹುಲ್ಲುಹಾಸು, ಕಾಂಕ್ರೀಟು, ಗಟ್ಟಿ ಜೇಡಿ. ನಡುವೆ ಹದವಾದ ಮಣ್ಣಿರುವುದು ನಿಮ್ಮ ಮಡಿಯಲ್ಲಿ ಮಾತ್ರ. ಬೆಕ್ಕು ಮತ್ತೆಲ್ಲಿಗೆ ಹೋಗಬೇಕು?

ಮಕ್ಕಳಿರುವ ಮನೆಯಲ್ಲಿ ಇದು ಬರೀ ಅಸಹ್ಯದ ಪ್ರಶ್ನೆಯಲ್ಲ. ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿಯ ಹೆಸರು ಕೇಳಿರುತ್ತೀರಿ. ಸೋಂಕು ತಗಲಿದ ಬೆಕ್ಕು, ಹೆಚ್ಚಾಗಿ ಎಳೆಯದು, ಮೊದಲ ಸಲ ಒಂದರಿಂದ ಮೂರು ವಾರ ಮಲದಲ್ಲಿ ಇದರ ಮೊಟ್ಟೆಯಂಥ ಕೋಶಗಳನ್ನು ಲಕ್ಷಗಟ್ಟಲೆ ಹೊರಹಾಕುತ್ತದೆ. ಆದರೆ ಹೊರಬಿದ್ದ ಕೂಡಲೇ ಅವು ಸೋಂಕು ತರಲಾರವು. ಮಾಗಲು ಒಂದರಿಂದ ಐದು ದಿನ ಬೇಕು. ಮಾಗಿದ ಮೇಲೆ ತೇವದ ಮಣ್ಣಿನಲ್ಲಿ ಒಂದು ವರ್ಷಕ್ಕೂ ಮೀರಿ ಬದುಕಬಲ್ಲವು. ಆದ್ದರಿಂದ ಕಂಡ ದಿನವೇ ಕೈಗವಸು ಹಾಕಿಕೊಂಡು, ಸುತ್ತಲಿನ ಒಂದು ಹಿಡಿ ಮಣ್ಣಿನ ಸಮೇತ ಎತ್ತಿ, ಚೀಲ ಕಟ್ಟಿ ಕಸಕ್ಕೆ ಹಾಕಿ. ಕಾಂಪೋಸ್ಟ್‌ಗೆ ಬೇಡ, ಮನೆಯ ಗುಡ್ಡೆ ಅಷ್ಟು ಬಿಸಿಯಾಗುವುದಿಲ್ಲ. ಮನೆಯಲ್ಲಿ ಬಸುರಿಯಿದ್ದರೆ ಈ ಕೆಲಸ ಬೇರೆಯವರದು. ಗರ್ಭಿಣಿಗೆ ಮೊದಲ ಸಲ ಈ ಸೋಂಕಾದರೆ ಮಗುವಿನ ಕಣ್ಣಿಗೂ ಮಿದುಳಿಗೂ ಕೇಡಾಗಬಹುದು. ಅಮೆರಿಕದಲ್ಲಿ ಇದರ ರಕ್ತಪರೀಕ್ಷೆಯನ್ನು ಎಲ್ಲ ಗರ್ಭಿಣಿಯರಿಗೂ ತಾವಾಗಿ ಮಾಡುವುದಿಲ್ಲ, ವೈದ್ಯರನ್ನು ನೀವೇ ಕೇಳಬೇಕು.

‘ನಾವು ಸಸ್ಯಾಹಾರಿಗಳು, ಬೆಕ್ಕನ್ನೂ ಸಾಕಿಲ್ಲ’ ಎಂದು ನಿಶ್ಚಿಂತರಾಗಬೇಡಿ. ಯುರೋಪಿನ ಆರು ನಗರಗಳ ಗರ್ಭಿಣಿಯರ ಮೇಲೆ ನಡೆದು 2000ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೆಕ್ಕಿನ ಒಡನಾಟಕ್ಕೂ ಸೋಂಕಿಗೂ ಸಂಬಂಧ ಕಾಣಲಿಲ್ಲ. ಹೆಚ್ಚಿನ ಪಾಲು ಅರೆಬೆಂದ ಮಾಂಸದ್ದು, ಶೇಕಡಾ 6ರಿಂದ 17ರಷ್ಟು ಮಣ್ಣಿನ ಸಂಪರ್ಕದ್ದು. ಮಾಂಸ ತಿನ್ನದವರಿಗೆ ಉಳಿಯುವುದು ಮಣ್ಣಿನ ದಾರಿ. ನಮ್ಮ ಅಡುಗೆಯ ಪುಣ್ಯ, ದಂಟಿನ ಹುಳಿ, ಮೆಂತ್ಯದ ಪಲ್ಯ ಚೆನ್ನಾಗಿ ಬೇಯುತ್ತವೆ. ಬೆಂದದ್ದಕ್ಕೆ ಭಯವಿಲ್ಲ. ನೋಡಿಕೊಳ್ಳಬೇಕಾದದ್ದು ಕೋಸಂಬರಿಗೆ ಹಾಕುವ, ಸಾರಿನ ಮೇಲೆ ಉದುರಿಸುವ ಹಸಿ ಕೊತ್ತಂಬರಿಯನ್ನು. ಉಪ್ಪು ಅರಿಶಿನದ ನೀರಿಗೆ ಈ ಕೋಶಗಳು ಜಗ್ಗುವುದಿಲ್ಲ, ಕ್ಲೋರಿನ್ನಿಗೇ ಜಗ್ಗುವುದಿಲ್ಲ. ಹರಿಯುವ ನೀರಿನಲ್ಲಿ ಎಲೆ ಬಿಡಿಸಿ ತೊಳೆಯುವುದೊಂದೇ ದಾರಿ. ಹಸಿ ತಿನ್ನುವುದನ್ನು ಎತ್ತರದ ಕುಂಡದಲ್ಲಿ ಬೆಳೆದು ಮೇಲೆ ಜಾಲರಿ ಹಾಕಿದರೆ ಇನ್ನೂ ಒಳ್ಳೆಯದು. ಮಕ್ಕಳ ಮರಳುಗುಂಡಿಗೆ ಮುಚ್ಚಳ ಇರಲೇಬೇಕು. ದುಂಡುಹುಳು, ಕೊಕ್ಕೆಹುಳುಗಳೂ ಅದೇ ಮರಳಲ್ಲಿ ಕಾದಿರಬಹುದು.

ಇನ್ನು ಓಡಿಸುವ ಉಪಾಯಗಳು. ಊರಲ್ಲಿ ನಾಯಿ ಬಾರದಿರಲೆಂದು ಗೇಟಿನ ಮುಂದೆ ನೀಲಿ, ಕೆಂಪು ನೀರಿನ ಬಾಟಲಿ ಇಡುವುದನ್ನು ನೋಡಿದ್ದೀರಲ್ಲ? ಜಪಾನಿನವರು ಬೆಕ್ಕಿಗಾಗಿ ಬರೀ ನೀರು ತುಂಬಿದ ಬಾಟಲಿ ಸಾಲಾಗಿ ಇಡುತ್ತಾರೆ. ಎರಡರಿಂದಲೂ ಲಾಭ ಬಾಟಲಿ ಮಾರುವವನಿಗೆ ಎಂದೇ ನನ್ನ ಅಭಿಪ್ರಾಯ. ಖಾರದ ಪುಡಿ ಒಂದು ಮಳೆಗೆ ಹೋಗುತ್ತದೆ, ಹೋಗುವ ಮೊದಲು ಮಗುವಿನ ಕೈಯಿಂದ ಮಗುವಿನ ಕಣ್ಣಿಗೇ ಸೇರುತ್ತದೆ. ನುಸಿಗುಳಿಗೆಯನ್ನಂತೂ ಮುಟ್ಟಲೇಬೇಡಿ. ಅಮೆರಿಕದಲ್ಲಿ ಲೇಬಲ್ ಹೇಳಿದ್ದಕ್ಕೆ ಹೊರತಾಗಿ ಅದನ್ನು ತೋಟದಲ್ಲಿ ಚೆಲ್ಲುವುದು ಕಾನೂನುಬಾಹಿರ. ಪುಟ್ಟ ಮಕ್ಕಳಿಗೆ ಅದು ಮಿಠಾಯಿಯಂತೆ ಕಾಣುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ನಮ್ಮ ಜನರಲ್ಲೂ ಇದೆ. ಅಂಥ ಮಗು ನ್ಯಾಫ್ತಲೀನ್ ಗುಳಿಗೆ ಬಾಯಿಗಿಟ್ಟುಕೊಂಡರೆ ರಕ್ತದ ಕೆಂಪುಕಣಗಳು ಒಡೆದುಹೋಗುತ್ತವೆ.

ನಿಜಕ್ಕೂ ಕೆಲಸ ಮಾಡುವುದು ಕೆದಕಲು ಬಿಡದಿರುವುದು. ಕೋಳಿಗೂಡಿನ ತಂತಿಜಾಲರಿಯನ್ನು ಮಡಿಯ ಮೇಲೆ ಚಪ್ಪಟೆಯಾಗಿ ಹಾಸಿ, ಅಂಚುಗಳನ್ನು ಒಳಕ್ಕೆ ಮಡಿಸಿ, ಗೂಟ ಹೊಡೆಯಿರಿ. ದಂಟು ಕಣ್ಣಿನ ಮೂಲಕವೇ ಮೇಲೆದ್ದು ಬರುತ್ತದೆ. ಬದನೆ, ಬೆಂಡೆಯ ಕಾಂಡ ದಪ್ಪವಾಗುವುದರಿಂದ ಅವುಗಳ ಜಾಗದಲ್ಲಿ ಜಾಲರಿಯನ್ನು ಅಗಲವಾಗಿ ಕತ್ತರಿಸಿಕೊಳ್ಳಿ. ಜಾಲರಿ ಬೇಡವೆಂದರೆ ಗುಲಾಬಿ ಸವರಿದ ಕಡ್ಡಿಗಳನ್ನು ಗೇಣಿಗಿಂತ ಹತ್ತಿರ ಹತ್ತಿರ ನೆಟ್ಟುಬಿಡಿ. ಊರಲ್ಲಿ ಕೋಳಿ ಬಾರದಂತೆ ಸಸಿಮಡಿಗೆ ಮುಳ್ಳು ಹಾಕುತ್ತಿದ್ದರಲ್ಲ, ಅದೇ ವಿದ್ಯೆ. ಓಡಾಟ ಕಂಡಾಗ ತಾನೇ ನೀರು ಚಿಮ್ಮುವ ಸ್ಪ್ರಿಂಕ್ಲರ್ ಕೂಡ ಒಳ್ಳೆಯದು, ಆದರೆ ಬರದ ದಿನಗಳಲ್ಲಿ ನಿಮ್ಮ ನಗರದ ನೀರಿನ ನಿಯಮ ನೋಡಿಕೊಳ್ಳಿ. ಕಿವಿಗೆ ಕೇಳದ ಸದ್ದಿನ ಯಂತ್ರಗಳನ್ನು ಬ್ರಿಟನ್ನಿನ ತೋಟಗಳಲ್ಲಿ ಪರೀಕ್ಷಿಸಿದ ಅಧ್ಯಯನವೊಂದು 2006ರಲ್ಲಿ ಬಂತು. ಬೆಕ್ಕಿನ ಕಾಟ ಸ್ವಲ್ಪ ತಗ್ಗಿತು, ನಿಲ್ಲಲಿಲ್ಲ. ಅದೇ ದುಡ್ಡಿಗೆ ಎರಡು ಸುತ್ತು ಜಾಲರಿ ಬರುತ್ತದೆ.

ಅಂಗಳದ ದೂರದ ಮೂಲೆಯಲ್ಲಿ ಎರಡು ಮೂಟೆ ಮರಳು ಸುರಿದು ಬೆಕ್ಕಿಗೇ ಬಿಟ್ಟುಕೊಡಬಹುದು. ಹುಚ್ಚುತನ ಎನ್ನಿಸಬಹುದು, ಆದರೆ ಜಾಲರಿಯ ಜೊತೆ ಇದು ಚೆನ್ನಾಗಿ ಹೊಂದುತ್ತದೆ. ಷರತ್ತು ಒಂದೇ: ದಿನವೂ ಎತ್ತಬೇಕು.

ಬೆಕ್ಕನ್ನೇ ಹಿಡಿದು ಗೋಣಿಚೀಲದಲ್ಲಿ ಪಕ್ಕದ ಊರಿಗೆ ಬಿಟ್ಟುಬರುವ ನಮ್ಮೂರ ಪರಿಹಾರವನ್ನು ಇಲ್ಲಿ ನೆನೆಯಲೂ ಬೇಡಿ. ಟೆಕ್ಸಸ್‌ನ ಪ್ರಾಣಿಹಿಂಸೆಯ ಕಾನೂನು ಬೀದಿಬೆಕ್ಕಿಗೂ ಅನ್ವಯಿಸುತ್ತದೆ. ವಿಷ ಹಾಕುವುದು ಗಂಭೀರ ಅಪರಾಧ, ಹಿಡಿದು ಎಲ್ಲೋ ಬಿಟ್ಟುಬರುವುದೂ ಅಪರಾಧವೇ. ವೀಸಾ, ಗ್ರೀನ್ ಕಾರ್ಡ್‌ಗೆ ಕಾಯುತ್ತಿರುವವರು ಬೆಕ್ಕಿನ ಹೆಸರಲ್ಲಿ ಕೇಸು ಹಾಕಿಸಿಕೊಳ್ಳುವುದೇ? ಹಿಡಿದು, ಸಂತಾನಹರಣ ಮಾಡಿಸಿ, ಅದೇ ಜಾಗಕ್ಕೆ ಮರಳಿ ಬಿಡುವವರಿಗೆ ಮಾತ್ರ 2023ರ ಕಾನೂನು ರಕ್ಷಣೆ ಕೊಟ್ಟಿದೆ. ಎಡಕಿವಿಯ ತುದಿ ಕತ್ತರಿಸಿದ ಬೆಕ್ಕು ಕಂಡರೆ ಅದಕ್ಕೆ ಆಪರೇಷನ್ ಆಗಿದೆ ಎಂದರ್ಥ. ಕಿವಿ ಪೂರ್ತಿಯಿದ್ದು ಕೊರಳಪಟ್ಟಿ ಇಲ್ಲದಿದ್ದರೆ 311ಕ್ಕೆ ಕರೆಮಾಡಿ ವಿಚಾರಿಸಿ. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮೂರರಲ್ಲೂ ನಗರದ ಸಂಖ್ಯೆ ಅದೇ.

ಕೊರಳಪಟ್ಟಿ ಇದ್ದರೆ ಪಕ್ಕದ ಮನೆಯದು. ಎಚ್‌ಒಎಗೆ ದೂರು ಬರೆಯುವ ಮೊದಲು ಒಂದು ಹೀರೆಕಾಯಿ ಹಿಡಿದುಕೊಂಡು ಹೋಗಿ ಮಾತಾಡಿ. ರಾತ್ರಿ ಹೊರಗೆ ಬೆಕ್ಕಿನ ಊಟ ಇಡಬೇಡಿ ಎಂದು ಕೇಳುವುದಕ್ಕೆ ಕಾರಣವೂ ಇದೆ. ಆ ಊಟಕ್ಕೆ ಪಾಸಮ್‌ಗಳೂ ಬರುತ್ತವೆ, ಅವುಗಳ ಚಿಗಟಗಳಿಂದ ಮ್ಯೂರಿನ್ ಟೈಫಸ್ ಜ್ವರ ಹರಡುತ್ತದೆ. 2008ರಲ್ಲಿ ಆಸ್ಟಿನ್‌ನಲ್ಲಿ 33 ಮಂದಿಗೆ ಇದು ತಗಲಿತ್ತು. ತೋಟದಲ್ಲಿ ಆಡಿದ ಮಗುವಿಗೆ ತಲೆನೋವಿನ ಜೊತೆ ಬಿಡದ ಜ್ವರ ಬಂದರೆ ಹಿತ್ತಲು, ಬೆಕ್ಕು, ಚಿಗಟ ಎಲ್ಲವನ್ನೂ ವೈದ್ಯರಿಗೆ ಹೇಳಿ.

ಮೇ ಹೊತ್ತಿಗೆ ದಂಟು ದಟ್ಟವಾಗಿ ಮಣ್ಣು ಕಾಣದಾಗುತ್ತದೆ, ಬೆಕ್ಕಿಗೂ ಆ ಮಡಿಯ ಮೇಲೆ ಆಸೆ ಹೋಗುತ್ತದೆ. ಆಗ ಎತ್ತಿದ ಜಾಲರಿಯನ್ನು ಸುತ್ತಿ ಗರಾಜಿನಲ್ಲಿಡಿ, ಎಸೆಯಬೇಡಿ. ಅಕ್ಟೋಬರಿನಲ್ಲಿ ಮೆಂತ್ಯಕ್ಕೂ ಮೂಲಂಗಿಗೂ ಮತ್ತೆ ಮಡಿ ಹದಮಾಡುತ್ತೀರಲ್ಲ.